ಹಾದಿಯಲ್ಲೊಂದು ವಿದ್ಯುತ್ ಅರವಟ್ಟಿಗೆ

ಬೇಸಗೆಯ ಬಿಸಿಲಿನಲ್ಲಿ ದಾರಿ ನಡೆಯುವವರಿಗಾಗಿ ಅರವಟ್ಟಿಗೆ ಇಡಿಸುವುದು ನಮ್ಮ ನಾಡಿನ ಹಳೆಯ ಪುಣ್ಯಕಾರ್ಯ. ಕಾಲ ಬದಲಾಯಿತು, ನಡೆಯುತ್ತಿದ್ದವನು ಮೋಟಾರು ಏರಿದನು, ಮೋಟಾರು ಪೆಟ್ರೋಲನ್ನು ತೊರೆದು ವಿದ್ಯುತ್ತನ್ನು ಆಶ್ರಯಿಸತೊಡಗಿತು. ಆದರೆ ದಾರಿಗನ ಪ್ರಶ್ನೆ ಮಾತ್ರ ಹಳೆಯದೇ: ಮುಂದಿನ ಅರವಟ್ಟಿಗೆ ಎಲ್ಲಿ?

ವಿದ್ಯುಚ್ಛಕ್ತಿ ಕನ್ನಡ ನಾಡಿಗೆ ಹೊಸ ಅತಿಥಿಯೇನೂ ಅಲ್ಲ. 1902ರಲ್ಲಿಯೇ ಶಿವನಸಮುದ್ರದ ಜಲಧಾರೆ ತಂತಿಯನ್ನೇರಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅದೇ ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ರಸ್ತೆಗಿಳಿಯಿತು. ಆಗ ಅದರ ಒಡೆಯನಿಗೆ ಮನೆಯ ಗೋಡೆಯ ಪ್ಲಗ್ಗೇ ಗತಿ. ಹದಿನಾರು ವರ್ಷಗಳ ತರುವಾಯ, 2017ರಲ್ಲಿ, ಕರ್ನಾಟಕವು ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು ರೂಪಿಸಿದ ಮೊದಲ ರಾಜ್ಯವೆನಿಸಿತು. 2018ರ ಆರಂಭದಲ್ಲಿ ಬೆಸ್ಕಾಂ ಸಂಸ್ಥೆಯು ಕೆ. ಆರ್. ವೃತ್ತದ ತನ್ನ ಕೇಂದ್ರ ಕಚೇರಿಯ ಆವರಣದಲ್ಲಿ ಚಾರ್ಜಿಂಗ್ ಕೇಂದ್ರವೊಂದನ್ನು ತೆರೆಯಿತು.

ಈ ಕೆಲಸ ಇಷ್ಟು ನಿಧಾನವಾದುದಕ್ಕೆ ಕಾರಣವೇನು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯೇ ಇದಕ್ಕೆ ಉತ್ತರ. ಕೇಂದ್ರಗಳಿಲ್ಲವೆಂದು ಜನ ವಾಹನ ಕೊಳ್ಳಲು ಹಿಂಜರಿದರೆ, ವಾಹನಗಳಿಲ್ಲವೆಂದು ಬಂಡವಾಳಗಾರ ಕೇಂದ್ರ ತೆರೆಯಲು ಹಿಂಜರಿಯುತ್ತಾನೆ. ಈ ಗಂಟನ್ನು ಸಡಿಲಿಸಲು ಕೇಂದ್ರ ಸರ್ಕಾರವು 2018ರಲ್ಲಿ, ವಾಹನ ಚಾರ್ಜ್ ಮಾಡುವ ವ್ಯವಹಾರಕ್ಕೆ ವಿದ್ಯುತ್ ಕಾಯಿದೆಯ ಪರವಾನಗಿ ಬೇಕಿಲ್ಲವೆಂದು ಸ್ಪಷ್ಟಪಡಿಸಿತು. ಪಟ್ಟಣಗಳಲ್ಲಿ ಮೂರು ಕಿಲೋಮೀಟರ್ ಉದ್ದ, ಮೂರು ಕಿಲೋಮೀಟರ್ ಅಗಲದ ಪ್ರತಿಯೊಂದು ಚೌಕಕ್ಕೆ ಒಂದು, ಹೆದ್ದಾರಿಯ ಎರಡೂ ಬದಿಗೆ 25 ಕಿಲೋಮೀಟರಿಗೆ ಒಂದು ಕೇಂದ್ರವಿರಬೇಕೆಂಬ ಗುರಿಯನ್ನೂ ಅದೇ ವರ್ಷ ಮುಂದಿಟ್ಟಿತು.

ಎಲ್ಲ ಕೇಂದ್ರಗಳೂ ಒಂದೇ ಬಗೆಯವಲ್ಲ. ಸಾಮಾನ್ಯ ಕಾರಿನ ಬ್ಯಾಟರಿ ಸುಮಾರು 30 ಯೂನಿಟ್ ವಿದ್ಯುತ್ತನ್ನು ಹಿಡಿಯುವುದೆನ್ನೋಣ. 3.3 ಕಿಲೋವ್ಯಾಟಿನ ನಿಧಾನ ಚಾರ್ಜರಿನಲ್ಲಿ ಅದು ತುಂಬಲು ಒಂಬತ್ತು ಗಂಟೆಗೂ ಮಿಗಿಲಾದ ಹೊತ್ತು ಬೇಕು. ರಾತ್ರಿ ಮಲಗಿ ಬೆಳಿಗ್ಗೆ ಏಳುವವನಿಗೆ ಇದು ಸಾಕು. ದೂರ ಪ್ರಯಾಣದವನಿಗೆ 50 ಕಿಲೋವ್ಯಾಟಿನ ಶೀಘ್ರ ಚಾರ್ಜರ್ ಬೇಕು. ಸಂಸಾರವೆಲ್ಲ ಇಳಿದು ತಿಂಡಿ ಕಾಫಿ ಮುಗಿಸುವಷ್ಟರಲ್ಲಿ ಬ್ಯಾಟರಿಯ ಬಹುಭಾಗ ತುಂಬಿರುತ್ತದೆ. ಆದರೆ ಅದಕ್ಕೆ ತಗಲುವ ವೆಚ್ಚವೂ, ಬೇಡುವ ವಿದ್ಯುತ್ ಸಂಪರ್ಕವೂ ದೊಡ್ಡವು.

2024ರ ಕೊನೆಯ ಹೊತ್ತಿಗೆ ದೇಶದಲ್ಲಿ 25,202 ಸಾರ್ವಜನಿಕ ಕೇಂದ್ರಗಳಿದ್ದವು; 5,765 ಕೇಂದ್ರಗಳೊಡನೆ ಕರ್ನಾಟಕವೇ ಮೊದಲ ಸ್ಥಾನದಲ್ಲಿತ್ತು. ಹೆಮ್ಮೆಪಡತಕ್ಕ ಮಾತೇ ಸರಿ. ಆದರೆ ಅವುಗಳ ಬಹುಪಾಲು ಬೆಂಗಳೂರಿನಲ್ಲಿಯೇ ಇದ್ದವೆಂಬುದನ್ನು ಮರೆಯಲಾಗದು. ರಾಜಧಾನಿಯಲ್ಲಿ ನಿಶ್ಚಿಂತನಾಗಿ ಅಡ್ಡಾಡುವ ಗೃಹಸ್ಥನು ಹಬ್ಬಕ್ಕೆಂದು ಮಡದಿ ಮಕ್ಕಳೊಡನೆ ಕಲಬುರಗಿಗೋ ಬೀದರಿಗೋ ಹೊರಟಾಗ ಕೈಬೆರಳು ಮಡಿಸಿ ಕೇಂದ್ರಗಳನ್ನು ಎಣಿಸುವಂತಾಗಬಾರದು.

ನಗರದೊಳಗೂ ಭೇದವುಂಟು. ಸ್ವಂತ ಮನೆ, ಸ್ವಂತ ಗ್ಯಾರೇಜು ಉಳ್ಳವನಿಗೆ ಬೀದಿಯ ಕೇಂದ್ರ ಒಂದು ಅನುಕೂಲ ಮಾತ್ರ. ವಠಾರದ ಮಹಡಿಯ ಮೇಲೆ ಬಾಡಿಗೆಗಿದ್ದು ರಾತ್ರಿ ಗಾಡಿಯನ್ನು ರಸ್ತೆಯಂಚಿನಲ್ಲಿ ನಿಲ್ಲಿಸುವ ಆಟೋ ಚಾಲಕನಿಗೆ ಅದೇ ಜೀವನಾಧಾರ. ಅವನು ಸರದಿಯಲ್ಲಿ ಕಾಯುವ ಒಂದೊಂದು ಗಂಟೆಯೂ ಆ ದಿನದ ಸಂಪಾದನೆಯಿಂದ ಕಳೆದುಹೋಗುವ ಗಂಟೆ.

ವಿದ್ಯುತ್ತಿನ ಮೂಲವನ್ನೂ ಯೋಚಿಸಬೇಕಲ್ಲವೆ? ಪಾವಗಡದ ಬಯಲಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಸೂರ್ಯನು ಬಾನಿನಲ್ಲಿದ್ದಾಗಲೇ ವಾಹನಗಳು ಚಾರ್ಜಾದರೆ ಆ ಬಿಸಿಲು ವ್ಯರ್ಥವಾಗದು. 2024ರ ಕೇಂದ್ರ ಮಾರ್ಗಸೂಚಿಯು ಹಗಲಿನ ಸೌರ ವೇಳೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ಕಡಮೆ ದರವನ್ನು ಸೂಚಿಸಿರುವುದು ಇದೇ ವಿವೇಕದಿಂದ. ಕಚೇರಿ, ಕಾಲೇಜು, ಮಾರುಕಟ್ಟೆಗಳಲ್ಲಿ ಕೇಂದ್ರಗಳು ಹೆಚ್ಚಬೇಕೆನ್ನುವುದಕ್ಕೂ ಇದೇ ಕಾರಣ.

ಅರವಟ್ಟಿಗೆಯ ಚಪ್ಪರ ಹಾಕಿಸಿದ ಮಾತ್ರಕ್ಕೆ ಪುಣ್ಯ ಪೂರ್ತಿಯಾಗುವುದಿಲ್ಲ, ಗುಡಾಣದಲ್ಲಿ ನೀರಿರಬೇಕು. ಕೆಟ್ಟು ನಿಂತ ಯಂತ್ರ ಲೆಕ್ಕದಲ್ಲಿ ಒಂದು ಕೇಂದ್ರ, ದಾರಿಗನ ಪಾಲಿಗೆ ಬರಿದಾದ ಕೊಡ. ಸಂಖ್ಯೆಯನ್ನು ಏರಿಸುವ ಉತ್ಸಾಹದಷ್ಟೇ ದಿನದಿನವೂ ಕೊಡ ತುಂಬಿಸುವ ಶ್ರದ್ಧೆಯೂ ಇದ್ದರೆ, ಬಾಯಾರಿದ ಗಾಡಿಗಳು ಧೈರ್ಯವಾಗಿ ದೂರದ ಊರುಗಳತ್ತ ಮುಖಮಾಡಿಯಾವು.