ಆದಿತ್ಯ-ಎಲ್1ಗೆ 378 ಕೋಟಿ: ಆ ದುಡ್ಡು ಎಲ್ಲಿಗೆ ಹೋಯಿತು, ಏನು ಸಿಕ್ಕಿತು?

ಸೂರ್ಯನ ಅಧ್ಯಯನಕ್ಕೆ ಸರ್ಕಾರ ಕೊಟ್ಟ ಹಣದ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ಒಂದು, "ರಸ್ತೆ ಗುಂಡಿ ಮುಚ್ಚೋಕೆ ದುಡ್ಡಿಲ್ಲ, ಸೂರ್ಯನಿಗೆ ನೂರಾರು ಕೋಟಿ ಸುರಿದರು" ಎನ್ನುವುದು. ಇನ್ನೊಂದು, "ಒಂದು ಸಿನಿಮಾ ಬಜೆಟ್‌ಗಿಂತ ಕಡಿಮೆ ಖರ್ಚಿನಲ್ಲಿ ನಮ್ಮವರು ಸೂರ್ಯನನ್ನೇ ಮುಟ್ಟಿದರು" ಎನ್ನುವುದು. ಮೊದಲನೆಯದು ಸಿಟ್ಟಿನ ಸಂದೇಶ, ಎರಡನೆಯದು ಹೆಮ್ಮೆಯದು. ಎರಡರಲ್ಲೂ ಲೆಕ್ಕ ಮಾತ್ರ ಅರ್ಧಂಬರ್ಧ.

"ಮುಟ್ಟಿದರು" ಎಂಬುದನ್ನು ಮೊದಲು ಬದಿಗಿಡೋಣ. ಆದಿತ್ಯ-ಎಲ್1 ಇರುವುದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅಂದರೆ ನೌಕೆ ಹೋಗಿರುವುದು ನೂರರಲ್ಲಿ ಒಂದು ಪಾಲು ದಾರಿ ಮಾತ್ರ. ಅಲ್ಲಿ ಸುಟ್ಟು ಹೋಗುವ ಪ್ರಶ್ನೆಯೂ ಇಲ್ಲ, ರಾತ್ರಿ ಹೊತ್ತು ಕಳಿಸಿದರು ಎಂಬ ಹಳೇ ಜೋಕಿಗೂ ಜಾಗವಿಲ್ಲ.

ಈಗ ದುಡ್ಡಿನ ವಿಷಯ. ಈ ಯೋಜನೆಗೆ ಮಂಜೂರಾದ ಮೊತ್ತ 378.53 ಕೋಟಿ ರೂಪಾಯಿ. 2019ರ ಹೊತ್ತಿಗೆ ಸರ್ಕಾರ ಕೊಟ್ಟ ಈ ಅಂಕಿಯ ಪಕ್ಕದಲ್ಲೇ ಫಾರ್ವರ್ಡ್‌ಗಳು ನುಂಗಿಬಿಡುವ ಒಂದು ಮಾತಿದೆ: "ಉಡಾವಣಾ ವೆಚ್ಚ ಹೊರತುಪಡಿಸಿ". 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಇದನ್ನು ಹೊತ್ತೊಯ್ದ ಪಿಎಸ್‌ಎಲ್‌ವಿ-ಸಿ57 ರಾಕೆಟ್ಟಿನ ಖರ್ಚು ಇದರಲ್ಲಿ ಸೇರಿಲ್ಲ. ಹಾಗಾಗಿ ಸಿನಿಮಾ ಜೊತೆಗಿನ ಹೋಲಿಕೆ ಕೇಳೋಕೆ ಚೆನ್ನಾಗಿದ್ದರೂ ಸರಿಯಲ್ಲ. ಮದುವೆ ಖರ್ಚು ಹೇಳುವಾಗ ಛತ್ರದ ಬಾಡಿಗೆ ಬಿಟ್ಟು ಹೇಳಿದ ಹಾಗೆ.

ಈ ಹಣ ಒಂದೇ ಸಲ ಕೊಟ್ಟದ್ದೂ ಅಲ್ಲ. ಯೋಜನೆ ಚಿಗುರಿದ್ದು 2008ರಲ್ಲಿ. ಆಗ ಇದರ ಹೆಸರು ಆದಿತ್ಯ-1. ಸುಮಾರು 400 ಕಿಲೋ ತೂಕದ ಸಣ್ಣ ಉಪಗ್ರಹ, ಭೂಮಿಯಿಂದ 800 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಒಂದೇ ಒಂದು ಉಪಕರಣದಿಂದ ಸೂರ್ಯನನ್ನು ನೋಡಬೇಕಿತ್ತು. 2016-17ರಲ್ಲಿ ಪ್ರಾಯೋಗಿಕವಾಗಿ ಇದಕ್ಕೆ ಸಿಕ್ಕಿದ್ದು 3 ಕೋಟಿ. ಅಷ್ಟರಲ್ಲಿ ಯೋಜನೆಯ ರೂಪ ಬದಲಾಗಿತ್ತು. ಭೂಮಿಗೆ ಹತ್ತಿರ ಸುತ್ತುವ ಬದಲು, ಗ್ರಹಣದ ಅಡ್ಡಿಯಿಲ್ಲದೆ ಸೂರ್ಯನನ್ನು ಸದಾ ನೋಡಬಹುದಾದ ಎಲ್1 ಬಿಂದುವಿನ ಬಳಿಗೇ ಹೋಗಬೇಕೆಂದು ತೀರ್ಮಾನವಾಯಿತು. ಒಂದು ಉಪಕರಣ ಏಳಾಯಿತು. ತೂಕ 1,475 ಕಿಲೋ ದಾಟಿತು. ದೂರ, ಭಾರ, ಉಪಕರಣ ಮೂರೂ ಬೆಳೆದ ಮೇಲೆ ಬಜೆಟ್ ಬೆಳೆಯದೆ ಇದ್ದೀತೇ?

ಮೊದಲಿಂದಲೂ ಇದ್ದ ಆ ಒಂದು ಉಪಕರಣದ ಕಥೆಯೇ ಮುಖ್ಯ. ಅದರ ಹೆಸರು ವಿಸಿಬಲ್ ಎಮಿಷನ್ ಲೈನ್ ಕೊರೊನಾಗ್ರಾಫ್, ಚಿಕ್ಕದಾಗಿ ವೆಲ್ಕ್. ಕಟ್ಟಿದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ಹೊಸಕೋಟೆಯಲ್ಲಿರುವ ಅದರ ಕ್ಯಾಂಪಸ್ಸಿನಲ್ಲಿ. ಈ ಸಂಸ್ಥೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಡಿ ಬರುತ್ತದೆ, ಇಸ್ರೋ ಬಾಹ್ಯಾಕಾಶ ಇಲಾಖೆಯಡಿ. ಯೋಜನೆಗೆ ಹಣ ಕೊಟ್ಟದ್ದು ಇಸ್ರೋ, ಉಪಕರಣದ ತಲೆಬಿಸಿ ಈ ಸಂಸ್ಥೆಯದು. 190 ಕಿಲೋ ತೂಕದ ವೆಲ್ಕ್ ಇಸ್ರೋ ಕೈಸೇರಿದ್ದು 2023ರ ಜನವರಿ 26ರಂದು. ಚಿಗುರಿನಿಂದ ಹಸ್ತಾಂತರದವರೆಗೆ ಹದಿನೈದು ವರ್ಷ.

ಅಷ್ಟು ವರ್ಷ ಯಾಕೆ? ಸೂರ್ಯನ ಸುತ್ತ ಕೊರೊನಾ ಎಂಬ ಪ್ರಭಾವಳಿಯಿದೆ (ವೈರಸ್ಸಿಗೂ ಇದಕ್ಕೂ ಹೆಸರಷ್ಟೇ ಸಂಬಂಧ). ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದರಿಂದಾಚೆ ಇರುವ ಈ ಪ್ರಭಾವಳಿ ಹತ್ತು ಲಕ್ಷ ಡಿಗ್ರಿ ದಾಟುತ್ತದೆ. ಒಲೆಯಿಂದ ದೂರ ಹೋದಷ್ಟೂ ಬಿಸಿ ಏರಿದ ಹಾಗೆ! ಯಾಕೆ ಎಂಬುದಕ್ಕೆ ಪೂರ್ತಿ ಒಪ್ಪಿತವಾದ ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಇದರ ಬೆಳಕು ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಹಿಂದೆಲ್ಲ ಪೂರ್ಣ ಸೂರ್ಯಗ್ರಹಣಕ್ಕಾಗಿ ಕಾಯಬೇಕಿತ್ತು. 1980ರ ಫೆಬ್ರವರಿ 16ರಂದು ಕಾರವಾರದಿಂದ ರಾಯಚೂರಿನವರೆಗೆ ಹಗಲು ಕತ್ತಲಾದಾಗ ಬಹಳಷ್ಟು ಜನ ಬಾಗಿಲು ಹಾಕಿಕೊಂಡು ಕೂತಿದ್ದರು, ವಿಜ್ಞಾನಿಗಳು ದೂರದರ್ಶಕ ಹೊತ್ತು ಬಂದಿದ್ದರು. ಅವರಿಗೆ ಸಿಕ್ಕಿದ್ದು ಮೂರು ನಿಮಿಷಕ್ಕಿಂತ ಕಡಿಮೆ.

ವೆಲ್ಕ್ ತನ್ನೊಳಗೇ ಗ್ರಹಣ ಮಾಡಿಕೊಳ್ಳುತ್ತದೆ. ಒಳಗೆ ಬಂದ ಬೆಳಕಿನಲ್ಲಿ ಸೂರ್ಯಬಿಂಬದ ಪಾಲನ್ನು ಎರಡನೇ ಕನ್ನಡಿಯ ನಡುವಿನ ರಂಧ್ರದಿಂದ ಹೊರಹಾಕಿ, ಪ್ರಭಾವಳಿಯ ಬೆಳಕನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಕಷ್ಟ ಇರುವುದು ಮೊದಲನೇ ಕನ್ನಡಿಯಲ್ಲಿ. ಸಂಜೆ ಸೂರ್ಯನಿಗೆ ಎದುರಾಗಿ ಬೈಕ್ ಓಡಿಸುವಾಗ ಹೆಲ್ಮೆಟ್ ಗಾಜಿನ ಮೇಲಿನ ಧೂಳು ಇಡೀ ನೋಟವನ್ನೇ ಬಿಳಿಚಿಸುವುದನ್ನು ನೀವು ಕಂಡಿರಬಹುದು. ಇಲ್ಲೂ ಅದೇ ಸಮಸ್ಯೆ. ಕನ್ನಡಿಯ ಮೇಲೆ ಕಣ್ಣಿಗೆ ಕಾಣದ ಒರಟುತನ ಇದ್ದರೂ, ಒಂದಿಷ್ಟು ಧೂಳಿನ ಕಣ ಕೂತರೂ ಸೂರ್ಯಬಿಂಬದ ಬೆಳಕು ಚದುರಿ ಪ್ರಭಾವಳಿಯನ್ನು ನುಂಗುತ್ತದೆ. ಅದಕ್ಕೇ ಅಷ್ಟು ನಯವಾದ ಕನ್ನಡಿ, ಅಷ್ಟು ಶುದ್ಧವಾದ ಕೋಣೆ, ನಿರ್ವಾತದಲ್ಲಿ ಮತ್ತೆ ಮತ್ತೆ ಪರೀಕ್ಷೆ. ಹದಿನೈದು ಲಕ್ಷ ಕಿಲೋಮೀಟರ್ ಆಚೆ ಹೋದ ಮೇಲೆ ಒರೆಸಲು ಯಾರೂ ಹೋಗಲಾಗದು. ದುಡ್ಡು ಹೋಗಿದ್ದು ಇಂಥ ಕೆಲಸಕ್ಕೆ. ಖರ್ಚಾಗಿದ್ದು ಭೂಮಿಯ ಮೇಲೆ, ಪ್ರಯೋಗಾಲಯಗಳಲ್ಲಿ. ಆಕಾಶಕ್ಕೆ ಹೋದದ್ದು ಉಪಕರಣ ಮಾತ್ರ.

"ಅಮೆರಿಕದ ಉಪಗ್ರಹಗಳು ಇವೆಯಲ್ಲ, ಅವರ ಮಾಹಿತಿಯೇ ಸಾಲದೇ?" ಎಂಬ ಪ್ರಶ್ನೆ ಒಳ್ಳೆಯ ಪ್ರಶ್ನೆ. ಯುರೋಪ್ ಮತ್ತು ಅಮೆರಿಕದ ಸೋಹೋ ನೌಕೆ 1996ರಿಂದ ಇದೇ ಎಲ್1 ಬಳಿ ಇದೆ. ಆದರೆ ಸೂರ್ಯನಿಗೆ ತೀರಾ ಅಂಟಿದ ಪ್ರಭಾವಳಿಯನ್ನು ನೋಡುತ್ತಿದ್ದ ಅದರ ಕ್ಯಾಮೆರಾ 1998ರಲ್ಲೇ ಕೆಟ್ಟಿತು. ಉಳಿದವು ನೋಡುವುದು ಅದಕ್ಕಿಂತ ದೂರದ ಭಾಗವನ್ನು. ವೆಲ್ಕ್ ಸೂರ್ಯನ ಅಂಚಿಗೆ ಬಹಳ ಹತ್ತಿರದಿಂದ, ಅಂದರೆ ಸೂರ್ಯನ ಕೇಂದ್ರದಿಂದ ಅದರ ತ್ರಿಜ್ಯದ 1.05 ಪಟ್ಟು ದೂರದಿಂದಲೇ ನೋಡಬಲ್ಲದು. ಸೌರ ಸ್ಫೋಟಗಳು ಹುಟ್ಟಿ ವೇಗ ಪಡೆಯುವುದು ಈ ಜಾಗದಲ್ಲೇ.

ಆ ಸ್ಫೋಟಗಳಿಂದ ನಮಗೇನು? 1989ರ ಮಾರ್ಚ್‌ನಲ್ಲಿ ಸೌರ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಕುಸಿದು ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. 2022ರ ಫೆಬ್ರವರಿಯಲ್ಲಿ ಆಗಷ್ಟೇ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 40ರಷ್ಟು ಒಂದು ಸಾಧಾರಣ ಬಿರುಗಾಳಿಗೇ ನಷ್ಟವಾದವು. 2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದೂ ಇದೇ ಕಾರಣಕ್ಕೆ. ಸ್ಫೋಟದ ವಸ್ತು ಭೂಮಿಗೆ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಹುಟ್ಟುವಾಗಲೇ ಕಂಡರೆ ಅಷ್ಟು ಸಮಯ ಸಿಗುತ್ತದೆ. ಎಲ್1 ದಾಟುವಾಗ ಕಂಡರೆ ಉಳಿಯುವುದು ಒಂದು ಗಂಟೆ, ಕೆಲವೊಮ್ಮೆ ಇನ್ನೂ ಕಡಿಮೆ. ಹಾಗೆಂದು ಆದಿತ್ಯ ಒಂದೇ ದೇಶವನ್ನು ಕಾಪಾಡುತ್ತದೆ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ಇದು ಸೈರನ್ ಅಲ್ಲ, ಅಧ್ಯಯನದ ಸಾಧನ. ಮುನ್ಸೂಚನೆ ಸುಧಾರಿಸುವುದು ಇಂಥ ಹಲವು ನೌಕೆಗಳ ಮಾಹಿತಿ ಸೇರಿದಾಗ.

ಇನ್ನು ರಸ್ತೆ ಗುಂಡಿ. ಊರಿನ ಗುಂಡಿ ಮುಚ್ಚಬೇಕಾದ್ದು ಪಾಲಿಕೆ, ಪಂಚಾಯಿತಿ, ರಾಜ್ಯದ ಜೇಬು. ಬಾಹ್ಯಾಕಾಶ ಇಲಾಖೆಯದ್ದು ಕೇಂದ್ರದ ಜೇಬು. 2023-24ರ ಕೇಂದ್ರ ಬಜೆಟ್ ಸುಮಾರು 45 ಲಕ್ಷ ಕೋಟಿ, ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ಸುಮಾರು 12,544 ಕೋಟಿ. ಸಾವಿರ ರೂಪಾಯಿಗೆ ಎರಡು ರೂಪಾಯಿ ಎಂಬತ್ತು ಪೈಸೆಯಷ್ಟು. ಆದಿತ್ಯದ 378 ಕೋಟಿಯನ್ನು 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ 2 ರೂಪಾಯಿ 70 ಪೈಸೆ, ಅದೂ ಹಲವು ವರ್ಷಗಳಲ್ಲಿ ಸೇರಿ. ಇಷ್ಟಾಗಿಯೂ ಇದು ತೆರಿಗೆ ಹಣ, ಲೆಕ್ಕ ಕೇಳುವುದು ತಪ್ಪಲ್ಲ. ಹೆಮ್ಮೆಯ ಫಾರ್ವರ್ಡ್‌ಗಿಂತ ಆ ಪ್ರಶ್ನೆಯೇ ನನಗೆ ಹೆಚ್ಚು ಇಷ್ಟ. ಗುಂಡಿಯ ಪ್ರಶ್ನೆಯನ್ನು ಸರಿಯಾದ ಕಚೇರಿಗೆ ಕೇಳಬೇಕು, ಅಷ್ಟೇ.

ನೌಕೆ 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿತು. ಐದು ವರ್ಷ ಕೆಲಸ ಮಾಡಲೆಂದು ರೂಪಿಸಿದ್ದು. ವೆಲ್ಕ್ ದಿನಕ್ಕೆ 1,440 ಚಿತ್ರಗಳನ್ನು, ಅಂದರೆ ನಿಮಿಷಕ್ಕೊಂದನ್ನು ಕಳಿಸುವಂತೆ ವಿನ್ಯಾಸಗೊಂಡಿದೆ. ಆದಿತ್ಯದ ಮಾಹಿತಿ ಬೆಂಗಳೂರು ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದಲ್ಲಿ ಸಂಗ್ರಹವಾಗುತ್ತದೆ. 2025ರ ಜನವರಿಯಿಂದ ಅದು ಸಾರ್ವಜನಿಕರಿಗೂ ಮುಕ್ತ. ಕೇಂದ್ರದ 'ಪ್ರದಾನ್' ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡರೆ ಕಾಲೇಜು ವಿದ್ಯಾರ್ಥಿಯೂ ಅದನ್ನು ಇಳಿಸಿಕೊಂಡು ನೋಡಬಹುದು.