ಬಿ ಡಿವಿಜನ್‌ನವರನ್ನು ಯಾರೂ ಕೇಳಲಿಲ್ಲ

ಅಟ್ಟದ ಮೇಲಿನ ಟ್ರಂಕಿನಲ್ಲಿ ಗೆದ್ದಲು ತಿನ್ನದೆ ಬಿಟ್ಟದ್ದು ಒಂದೇ ಕಡತ. ಕುಮಟಾ–ಹೊನ್ನಾವರದ ನಡುವೆ ಬಸ್ಸಿನಲ್ಲಿ ಓಡಾಡುತ್ತ ಇತಿಹಾಸದ ಪಾಠ ಹೇಳುತ್ತಿದ್ದ ಕಾಲದಲ್ಲಿ, ರಿಫ್ರೆಶರ್ ಕೋರ್ಸಿಗೆಂದು ನಾನು ಮಾಡಿದ ‘ಸಂಶೋಧನೆ’ ಅದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸಿನ ವ್ಯಾಪಾರವನ್ನು ಎ ಡಿವಿಜನ್ನಿಗೆ ಓವರ್‌ಹೆಡ್ ಪ್ರೊಜೆಕ್ಟರಿನಲ್ಲಿ ನಕ್ಷೆ ತೋರಿಸಿ ಹೇಳಿದ್ದೆ. ಬಿ ಡಿವಿಜನ್ನಿಗೆ ಬರೀ ಸೀಮೆಸುಣ್ಣ. ಎರಡು ವಾರ ಬಿಟ್ಟು ಟೆಸ್ಟು. ಎ ಡಿವಿಜನ್ ಗೆದ್ದಿತು, ನನಗೆ ಎ ಗ್ರೇಡು ಸಿಕ್ಕಿತು.

ಕಳೆದ ಮಳೆಗಾಲದಲ್ಲಿ ಭಟ್ಕಳ ಕಡೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಈಗ ಅವಳೂ ಪಾಠ ಹೇಳುತ್ತಾಳೆ, ಪಾಠದ ಮೇಲೆಯೇ ಪಿಎಚ್.ಡಿ. ಮಾಡುತ್ತಿದ್ದಾಳೆ. “ಸರ್, ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕ್ಬೇಕು. ನಿಮ್ಮ ಕಾಲದಲ್ಲಿ ಹ್ಯಾಗೆ ಮಾಡಿದ್ರಿ?”

ನಮ್ಮ ಕಾಲದಲ್ಲಿ ಪ್ರಿನ್ಸಿಪಾಲರ ಕಿವಿಗೆ ಹಾಕಿದರೆ ಮುಗಿಯಿತು. ಬಿ.ಎಡ್. ಕಲಿತವರೆಲ್ಲ ‘ಕ್ರಿಯಾ ಸಂಶೋಧನೆ’ಯ ರೆಕಾರ್ಡು ಬರೆದವರೇ. ಮಕ್ಕಳ ಒಪ್ಪಿಗೆ ಎಂಬ ಕಾಲಮ್ಮು ಅದರಲ್ಲಿದ್ದದ್ದು ನನಗೆ ನೆನಪಿಲ್ಲ.

ಅವಳು ತಂದಿದ್ದ ನಿಯಮಪುಸ್ತಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯದು, ಅಂದರೆ ಐಸಿಎಂಆರ್‌ದು. ಔಷಧ, ರಕ್ತದ ಮಾದರಿಗಳ ನಡುವೆ ನಮ್ಮ ಕರಿಹಲಗೆಗೇನು ಕೆಲಸ ಎಂದು ಪುಟ ತಿರುವುತ್ತಿದ್ದಾಗ ಒಂದು ಸಾಲು ಸಿಕ್ಕಿತು: ಬೋಧನಾ ವಿಧಾನ, ಪಠ್ಯಕ್ರಮ, ತರಗತಿ ನಿರ್ವಹಣೆಗಳ ಹೋಲಿಕೆಗೆ ಸಮಿತಿಯ ಪರಿಶೀಲನೆಯಿಂದ ವಿನಾಯಿತಿ ಕೊಡಬಹುದು. ವೈದ್ಯರ ಪುಸ್ತಕದೊಳಗೆ ಇದು ಹೊಕ್ಕದ್ದು ಹೇಗೆ?

ಬೇರು ಅಮೆರಿಕದಲ್ಲಿತ್ತು. ಮನುಷ್ಯರ ಮೇಲಿನ ಸಂಶೋಧನೆಯ ನೀತಿ ಹೇಳುವ ಬೆಲ್ಮಾಂಟ್ ವರದಿ 1979ರಲ್ಲಿ ಬಂತು. ಸಮೀಕ್ಷೆ, ಸಂದರ್ಶನಗಳಿಗೂ ಸಮಿತಿಯ ಅಪ್ಪಣೆ ಬೇಕು ಎಂಬ ಕರಡು ಹೊರಟಾಗ ಎಂಐಟಿಯ ರಾಜ್ಯಶಾಸ್ತ್ರಜ್ಞ ಇಥಿಯೆಲ್ ಡಿ ಸೋಲಾ ಪೂಲ್ ಕೆರಳಿದ. ಮಾತಾಡಿಸಲಿಕ್ಕೆ ಅನುಮತಿ ಬೇಕೆಂದರೆ ಅದು ಸೆನ್ಸಾರ್‌ಶಿಪ್ಪು ಎಂಬುದು ಅವನ ತಕರಾರು. ಈ ಜಗಳಗಂಟ ನನಗೆ ಇಷ್ಟ. ಸಂಘ ಕಟ್ಟಿದ, ಪತ್ರ ಬರೆದ, ಬಿಡಲಿಲ್ಲ. 1981ರ ಜನವರಿಯ ನಿಯಮದಲ್ಲಿ ವಿನಾಯಿತಿಗಳ ಪಟ್ಟಿಯೇ ಬಂತು. ಅದರ ಮೊದಲ ಬಾಬ್ತು ತರಗತಿಯ ಪಾಠ.

ನಮ್ಮಲ್ಲಿ ಐಸಿಎಂಆರ್ 1980ರಲ್ಲೇ ಒಂದು ನೀತಿ ಹೇಳಿಕೆ ಹೊರಡಿಸಿತ್ತು. ಆದರೆ ದೆಹಲಿಯಲ್ಲಿ 1976ರಿಂದ 1988ರವರೆಗೆ, ಗರ್ಭಕಂಠದ ಕ್ಯಾನ್ಸರಿನ ಮುನ್ಸೂಚನೆಯಿದ್ದ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸರಿಯಾಗಿ ಒಪ್ಪಿಗೆ ಪಡೆಯದೆ ನೋಡುತ್ತ ಕೂತದ್ದು 1997ರಲ್ಲಿ ಬಯಲಾಯಿತು. ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಮಿತಿ ರೂಪಿಸಿದ ಮಾರ್ಗಸೂಚಿ 2000ದಲ್ಲಿ ಬಂತು. 2006ರ ಪರಿಷ್ಕರಣೆಯಲ್ಲಿ ನೋಡಿ, ಅಮೆರಿಕದ ಆ ಪಾಠದ ಸಾಲು ಪದಪದವೂ ಎಂಬಷ್ಟು ಹಾಗೇ ಕೂತಿದೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎನ್ನುತ್ತದೆ. ಈ ಸಾಲನ್ನು ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರಿಗೆ ಹಾಕಿದರೆ ಏನಾದೀತೋ!

ಎರವಲು ತಂದದ್ದಕ್ಕೆ ನನ್ನ ಸಿಟ್ಟಿಲ್ಲ. ಜಗಳವನ್ನು ಅಲ್ಲೇ ಬಿಟ್ಟು ಸಾಲನ್ನಷ್ಟೇ ತಂದರಲ್ಲ, ಅದಕ್ಕೆ. 2017ರ ಐಸಿಎಂಆರ್ ಪುಸ್ತಕ ಒಂದು ಕಡೆ, ಮೇಲಿನವರ ಅಧೀನದಲ್ಲಿರುವ ವಿದ್ಯಾರ್ಥಿಗಳು ‘ಬೇಡ’ ಎನ್ನಲಾರದವರು, ಹುಷಾರು ಎನ್ನುತ್ತದೆ. ಇನ್ನೊಂದು ಕಡೆ ಪಾಠಗಳ ಹೋಲಿಕೆಗೆ ಬಾಗಿಲು ತೆರೆದಿಡುತ್ತದೆ. ಅದೇ ವರ್ಷ ಅಮೆರಿಕದವರು ತಮ್ಮ ಸಾಲಿಗೆ ಬಾಲ ಸೇರಿಸಿದರು: ವಿದ್ಯಾರ್ಥಿ ಕಲಿಯಲೇಬೇಕಾದ್ದಕ್ಕೆ ಅಡ್ಡಿಯಾಗುವಂತಿರಬಾರದು. ನಮ್ಮ ಸಾಲಿಗೆ ಆ ಬಾಲವಿಲ್ಲ. ಇಂಟರ್ನಲ್ ಮಾರ್ಕ್ಸ್ ಕೈಯಲ್ಲಿಟ್ಟುಕೊಂಡ ಮೇಷ್ಟ್ರಿಗೆ ಮಂಕಿಯಿಂದ ಮೊದಲ ಬಸ್ಸು ಹಿಡಿದು ಬಂದ ಹುಡುಗ ‘ನಾ ಇರೂದಿಲ್ಲ ಸರ್’ ಅಂದಾನೇ?

“ವಿನಾಯಿತಿ ಅಂತ ನಾವೇ ತೀರ್ಮಾನ ಮಾಡೂ ಹಾಗಿಲ್ಲ ಸರ್. ಅದನ್ನೂ ಕಮಿಟಿನೇ ಹೇಳ್ಬೇಕು” ಎಂದಳು. ಕಮಿಟಿಯಲ್ಲಿ 7ರಿಂದ 15 ಜನ, ಅಧ್ಯಕ್ಷರು ಹೊರಗಿನವರು, ಕಾನೂನು ಬಲ್ಲವರೊಬ್ಬರು, ಊರ ಸಾಮಾನ್ಯರೊಬ್ಬರು. ಅವಳು ಒಪ್ಪಿಗೆ ಪತ್ರವನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದಿದ್ದಳು. ಅಂಕಗಳನ್ನು ಬೇರೆಯವರಿಂದ ಹಾಕಿಸುತ್ತಾಳಂತೆ. ಯಾರು ಒಪ್ಪಿದರು, ಯಾರು ಒಲ್ಲೆ ಎಂದರು ಎಂಬುದು ರಿಸಲ್ಟ್ ಬರುವವರೆಗೆ ಅವಳಿಗೇ ಗೊತ್ತಾಗುವುದಿಲ್ಲವಂತೆ.

ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ನನ್ನ ಕಡತ ಅವಳ ಮಡಿಲಲ್ಲಿತ್ತು. ಬಿ ಡಿವಿಜನ್ನಿನ ಪಟ್ಟಿ, ಹೆಸರು, ರೋಲ್ ನಂಬರು, ಕೆಂಪು ಶಾಯಿಯ ಅಂಕ. ಬೆರಳು ಒಂದು ಹೆಸರಿನ ಮೇಲೆ ನಿಂತಿತು.

“ಇಪ್ಪತ್ತೈದಕ್ಕೆ ಹನ್ನೊಂದು! ಸರ್, ಆ ನಕ್ಷೆ ಹಾಳೆ ಇನ್ನೂ ಇದ್ಯಾ? ಈಗಾದ್ರೂ ತೋರಿಸಿ.”

ಟ್ರಂಕಿನ ತಳದಿಂದ ತೆಗೆದು ಕೊಟ್ಟೆ. ತೇವಕ್ಕೆ ಮೂರೂ ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು.