ಗಾಜಿನ ತೊಟ್ಟಿಯಲ್ಲಿ ಮತ್ಸ್ಯನ್ಯಾಯ

ಹೆಸರಿಡುವವರು ಸಾಮಾನ್ಯವಾಗಿ ಕಣ್ಣನ್ನು ನಂಬುತ್ತಾರೆ, ಹೊಟ್ಟೆಯನ್ನು ವಿಚಾರಿಸುವುದಿಲ್ಲ. ಮನೆಯಲ್ಲಿ ಅಕ್ವೇರಿಯಂ ಇಟ್ಟವರ ಅಚ್ಚುಮೆಚ್ಚಿನ ಏಂಜಲ್ ಮೀನಿಗೆ ಆ ಹೆಸರು ಬಂದುದೂ ಹೀಗೆಯೇ ಎಂದು ತೋರುತ್ತದೆ. ಬೆಳ್ಳಿಯ ತಗಡಿನಂತೆ ಚಪ್ಪಟೆಯಾದ ಮೈ, ಅದರ ಮೇಲೆ ಅಡ್ಡಲಾಗಿ ಇಳಿದ ಕಪ್ಪು ಪಟ್ಟೆಗಳು, ಹಾಯಿಯಂತೆ ಎತ್ತಿ ನಿಂತ ಬೆನ್ನಿನ ಈಜುರೆಕ್ಕೆ, ಕೆಳಗೆ ಜೋಲುವ ಎರಡು ನೀಳವಾದ ಎಳೆಗಳು. ಅದು ಈಜಿ ಬರುತ್ತದೆ ಎನ್ನುವುದಕ್ಕಿಂತ ದಯಮಾಡಿಸುತ್ತದೆ ಎನ್ನುವುದೇ ಮೇಲು. ಇಂಥ ಪ್ರಾಣಿಯನ್ನು ದೇವದೂತನೆಂದು ಕರೆದವರನ್ನು ಆಕ್ಷೇಪಿಸುವುದು ಹೇಗೆ?

ಅದರ ಜೊತೆಗೆ ನಿಯಾನ್ ಟೆಟ್ರಾಗಳ ಒಂದು ಹಿಂಡನ್ನು ಬಿಟ್ಟರೆ ಕಣ್ಣಿಗೆ ಹಬ್ಬವೇ ಸರಿ. ಪೂರ್ಣ ಬೆಳೆದರೂ 3-4 ಸೆಂಟಿಮೀಟರಿನಷ್ಟೇ ಇರುವ ಆ ಪುಟ್ಟ ಮೀನಿನ ಮೈಯಲ್ಲಿ ನೀಲಿಯ ಒಂದು ಮಿಂಚು, ಅದರ ಕೆಳಗೆ ಕೆಂಪಿನ ಒಂದು ಗೆರೆ. ನನ್ನ ಮಿತ್ರರೊಬ್ಬರು, ವೃತ್ತಿಯಿಂದ ಉಪಾಧ್ಯಾಯರು, ಇಂಥ ಹತ್ತು ನಿಯಾನ್‌ಗಳೊಡನೆ ರೂಪಾಯಿಯಗಲದ ಎರಡು ಏಂಜಲ್ ಮರಿಗಳನ್ನು ತಂದು ಸಾಕಿದರು. ಕೆಲವು ತಿಂಗಳು ತೊಟ್ಟಿಯಲ್ಲಿ ರಾಮರಾಜ್ಯ. ಬೆಳಗಾದರೆ ಮೀನುಗಳ ಹಾಜರಿಯನ್ನೂ ತೆಗೆದುಕೊಳ್ಳುತ್ತಿದ್ದ ಅವರಿಗೆ ಒಂದು ದಿನ ಒಂಬತ್ತೇ ಸಿಕ್ಕಿದವು, ಮರುವಾರ ಏಳು. ಸತ್ತ ಮೀನಿನ ಕುರುಹಿಲ್ಲ, ನೀರು ಕೆಟ್ಟಿಲ್ಲ, ಮನೆಯಲ್ಲಿ ಬೆಕ್ಕೂ ಇಲ್ಲ. “ಇದೇನು ಮಾಯೆ, ರಾಯರೇ?” ಎಂದು ನನ್ನನ್ನು ಕೇಳಿದರು. ನಾನು ಏಂಜಲ್‌ಗಳ ಕಡೆಗೆ ಬೆರಳು ತೋರಿಸಿದೆ. ಅಷ್ಟು ಹೊತ್ತಿಗೆ ಅವು ಅಂಗೈಯಷ್ಟಾಗಿದ್ದವು. “ಛೆ, ಇಷ್ಟು ದಿನ ಜೊತೆಯಲ್ಲೇ ಬೆಳೆದವಲ್ಲವೇ?” ಎಂದರು ಮಿತ್ರರು.

ಜೊತೆಯಲ್ಲಿ ಇದ್ದುದು ನಿಜ. ಆದರೆ ಬೆಳೆದುದು ಒಂದೇ ಪಕ್ಷ. ಏಂಜಲ್ 15 ಸೆಂಟಿಮೀಟರ್ ಉದ್ದಕ್ಕೆ ಬೆಳೆಯಬಲ್ಲುದು. ಈಜುರೆಕ್ಕೆಗಳನ್ನೂ ಸೇರಿಸಿದರೆ ಅದರ ಎತ್ತರ ಇನ್ನೂ ಹೆಚ್ಚು. ಬಾಯಿ ಚಿಕ್ಕದೆಂದು ಕಂಡರೂ ಸಪೂರವಾದ ನಿಯಾನ್‌ಗೆ ಅಷ್ಟು ಸಾಕು. ರಾತ್ರಿಯಲ್ಲಿ ನಿಯಾನ್ ಬಣ್ಣಗುಂದಿ ಅಲುಗದೆ ನಿಂತಿರುತ್ತದೆ. ಹಸಿದ ಏಂಜಲ್‌ಗೆ ಅದು ತಟ್ಟೆಯಲ್ಲಿಟ್ಟ ಉಪಾಹಾರ.

ಈ ಮೀನಿಗೆ ಶಾಸ್ತ್ರಜ್ಞರು ಇಟ್ಟ ಹೆಸರು ಹೆಚ್ಚು ಪ್ರಾಮಾಣಿಕವಾದುದು. ‘ಟೆರೋಫಿಲಮ್’ ಎಂದರೆ ಗ್ರೀಕಿನಲ್ಲಿ ರೆಕ್ಕೆಯುಳ್ಳ ಎಲೆ. ಅಮೆಜಾನ್ ನದಿಯ ಜಲಾವೃತ ಬೇರು ಬಿಳಲುಗಳ ನಡುವೆ ಈ ಎಲೆ ಸದ್ದಿಲ್ಲದೆ ನಿಂತರೆ ಅದರ ಕಪ್ಪು ಪಟ್ಟೆಗಳು ಕಡ್ಡಿಗಳ ನೆರಳಿನಲ್ಲಿ ಬೆರೆತುಹೋಗುತ್ತವೆ. ಟೆಟ್ರಾಗಳೂ ಆ ನೀರಿನವೇ. 1936ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ನಿಯಾನ್ ಅಮೆಜಾನಿನ ಮೇಲ್ಭಾಗದ ಉಪನದಿಗಳದು. 1956ರಲ್ಲಿ ಹೆಸರು ಪಡೆದ ಅದರ ಸೋದರ ಕಾರ್ಡಿನಲ್ ಟೆಟ್ರಾ ರಿಯೋ ನೀಗ್ರೊ ನದಿಯ ಕಪ್ಪು ನೀರಿನದು. ದೊಡ್ಡದು ಚಿಕ್ಕದನ್ನು ನುಂಗುವುದು ಅಲ್ಲಿಯೂ ಉಂಟು. ಆದರೆ ಅಲ್ಲಿ ಓಡಲು ಒಂದು ನದಿಯಿದೆ. ನಾವು ಮನೆಗೆ ತಂದುದು ಬೇಟೆಗಾರನನ್ನೂ ಬೇಟೆಯನ್ನೂ. ಅವೆರಡರ ನಡುವಿನ ದೂರವನ್ನು ಮಾತ್ರ ತರಲಿಲ್ಲ. ಇಂದು ಅಂಗಡಿಗೆ ಬರುವ ಏಂಜಲ್‌ಗಳು ಬಹುಮಟ್ಟಿಗೆ ತೊಟ್ಟಿಯಲ್ಲೇ ಹುಟ್ಟಿದವು, ನದಿಯನ್ನು ಕಾಣದವು. ಆದರೂ ಹುಟ್ಟುಗುಣ ಹೋದುದಿಲ್ಲ.

ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದರು. ದಂಡಧರನಿಲ್ಲದ ಕಡೆ ಬಲಿಷ್ಠನು ದುರ್ಬಲನನ್ನು ನುಂಗುವನೆಂದು ಹೇಳುವಾಗ ಕೌಟಿಲ್ಯನು ಅದಕ್ಕೆ ಮತ್ಸ್ಯನ್ಯಾಯವೆಂದೇ ಹೆಸರು ಕೊಟ್ಟನು. ಈ ನ್ಯಾಯಕ್ಕೆ ಬೇಸತ್ತ ಪ್ರಜೆಗಳು ಮನುವನ್ನು ಅರಸನನ್ನಾಗಿ ಮಾಡಿಕೊಂಡರಂತೆ. ಆ ಮನುವಿನ ಹೆಸರಿನಲ್ಲೇ ಶತಪಥ ಬ್ರಾಹ್ಮಣದಲ್ಲಿ ಒಂದು ಕಥೆಯಿದೆ. ಕೈ ತೊಳೆಯುವ ನೀರಿನಲ್ಲಿ ಸಿಕ್ಕಿದ ಮರಿಮೀನೊಂದು, ದೊಡ್ಡ ಮೀನುಗಳಿಂದ ತನ್ನನ್ನು ಕಾಪಾಡೆಂದು ಅವನನ್ನು ಬೇಡಿತು. ಹೇಗೆ ಕಾಪಾಡಬೇಕೆಂಬುದನ್ನೂ ಅದೇ ತಿಳಿಸಿತು: ಮೊದಲು ಗಡಿಗೆಯಲ್ಲಿಡಬೇಕು, ಗಡಿಗೆ ಸಾಲದಾದಾಗ ಗುಂಡಿ ತೋಡಬೇಕು, ಅದೂ ಸಾಲದಾದಾಗ ಸಮುದ್ರಕ್ಕೆ ಬಿಡಬೇಕು. ಮೀನು ಸಾಕುವವನಿಗೆ ಇದಕ್ಕಿಂತ ಉತ್ತಮವಾದ ಪಾಠವನ್ನು ನಾನು ಬೇರೆಲ್ಲೂ ಕಂಡಿಲ್ಲ. ಚಿಕ್ಕದಕ್ಕೆ ರಕ್ಷಣೆ ಬೇಕು; ಬೆಳೆದುದಕ್ಕೆ ಎಡೆ ಬೇಕು; ಎರಡರ ಹೊಣೆಯೂ ಗಡಿಗೆ ಹಿಡಿದವನದು.

ಹಾಗಾದರೆ ಏಂಜಲ್ ಮತ್ತು ಟೆಟ್ರಾಗಳ ಸಹವಾಸ ಸಾಧ್ಯವೇ ಇಲ್ಲವೆ? ಇದೆ, ಆದರೆ ಅರಸನು ಎಚ್ಚರವಾಗಿರಬೇಕು. ತೊಟ್ಟಿ ಕನಿಷ್ಠ 45 ಸೆಂಟಿಮೀಟರ್ ಆಳವಿರಲಿ, ಗಿಡಗಳು ಒತ್ತಾಗಿರಲಿ. ಟೆಟ್ರಾಗಳು ಪೂರ್ಣ ಬೆಳೆದವಾಗಿರಲಿ, ಏಂಜಲ್‌ಗಳು ಮರಿಗಳಾಗಿ ಬರಲಿ. ನಿಯಾನ್‌ಗೆ ಬದಲು ಮೈಯಗಲದ ಲೆಮನ್ ಟೆಟ್ರಾ, ಇಲ್ಲವೆ ತುಸು ದೊಡ್ಡದಾದ ರಮ್ಮಿನೋಸ್ ಟೆಟ್ರಾ ಲೇಸು. ನಿಯಾನ್‌ಗಿಂತ ಕಾರ್ಡಿನಲ್ ವಾಸಿ. ಏಂಜಲ್ ಬಯಸುವ ಬಿಸುಪನ್ನು ಅದು ತಾಳಿಕೊಳ್ಳುತ್ತದೆ. ಆದರೂ ದೊಡ್ಡ ಏಂಜಲ್‌ನ ಮುಂದೆ ಅದಕ್ಕೂ ಅಭಯವಿಲ್ಲ.

ಚಿಕ್ಕದೆಲ್ಲವೂ ಸಾಧುವೆಂದು ಭಾವಿಸಬೇಕಾದುದಿಲ್ಲ. ಸೆರ್ಪೆ ಎಂಬ ಟೆಟ್ರಾ ಏಂಜಲ್‌ನ ನೀಳವಾದ ರೆಕ್ಕೆಯ ಎಳೆಗಳನ್ನು ಹಿಂದಿನಿಂದ ಬಂದು ಕಚ್ಚುತ್ತದೆ. ಅಲ್ಲಿ ಕಾಪಾಡಬೇಕಾದುದು ದೊಡ್ಡದನ್ನು. ಏಂಜಲ್ ಕೂಡ ರಾಕ್ಷಸನಲ್ಲ. ಅಗಲವಾದ ಎಲೆಯ ಮೇಲೆ ಮೊಟ್ಟೆಯಿಟ್ಟ ಜೋಡಿ ಸರದಿಯ ಮೇಲೆ ರೆಕ್ಕೆಬೀಸಿ ಅವಕ್ಕೆ ಹೊಸ ನೀರನ್ನು ಹಾಯಿಸುವುದನ್ನೂ, ಹತ್ತಿರ ಸುಳಿದವರನ್ನೆಲ್ಲ ಅಟ್ಟುವುದನ್ನೂ ನಾನು ಮಣಿಗಟ್ಟಲೆ ನೋಡಿದ್ದೇನೆ. ನೆರೆಯ ಮರಿಯನ್ನು ನುಂಗಿದ ಬಾಯಿಯೇ, ಮೊಟ್ಟೆಯೊಡೆದು ಬಂದು ಎಲೆಯಿಂದ ಜಾರಿದ ತನ್ನ ಮರಿಯನ್ನು ಮೆಲ್ಲನೆ ಎತ್ತಿ ಮತ್ತೆ ಸ್ವಸ್ಥಾನದಲ್ಲಿಡುತ್ತದೆ.

ಮಿತ್ರರು ಉಳಿದ ಏಳು ನಿಯಾನ್‌ಗಳಿಗೆ ಬೇರೊಂದು ತೊಟ್ಟಿಯನ್ನು ಮಾಡಿಸಿದರು. ಏಂಜಲ್‌ಗಳ ಮೇಲಿನ ಅವರ ಸಿಟ್ಟು ಮಾತ್ರ ಬಹುಕಾಲ ಇಳಿಯಲಿಲ್ಲ; ಅವುಗಳನ್ನು ಕೃತಘ್ನರೆನ್ನುತ್ತಿದ್ದರು. ಮೀನು ಯಾರಿಗೂ ಮಾತು ಕೊಟ್ಟಿರಲಿಲ್ಲವೆಂದು ನಾನು ಅವರಿಗೆ ಹೇಳಿದೆ. ನದಿಯಲ್ಲಿ ನಡೆದರೆ ಅದು ಪ್ರಕೃತಿ. ಗಾಜಿನ ಗೋಡೆ ಎಬ್ಬಿಸಿದ ಮೇಲೆ, ಒಳಗೆ ನಡೆಯುವುದಕ್ಕೆಲ್ಲ ಗೋಡೆ ಎಬ್ಬಿಸಿದವನೇ ಉತ್ತರವಾದಿ.